ಗಂಟು ಬಿದ್ದ ತಂತಿ: ಕಾರ್ಲ್ ಪರ್ಕಿನ್ಸ್ ತರ ನುಡಿಸಲು ಹೋದ ನನ್ನ ಅನುಭವ

ಮೂರು ವರ್ಷದಿಂದ, 1950ರ ದಶಕದ ಅಮೆರಿಕದ ಹಾಡುಗಾರ, ಗಿಟಾರ್ ವಾದಕ ಕಾರ್ಲ್ ಪರ್ಕಿನ್ಸ್ ತರ ಗಿಟಾರ್ ನುಡಿಸಬೇಕು ಅಂತ ಒದ್ದಾಡುತ್ತಿದ್ದೇನೆ. ಮೊದಲನೇ ವರ್ಷ ಪೂರ್ತಿ ದಂಡ. ಸ್ವರ ಎಲ್ಲಾ ಸರಿ ಇತ್ತು, ಯೂಟ್ಯೂಬ್ ನೋಡಿ ಒಂದೊಂದೇ ಕಲಿತಿದ್ದೆ, ಆದರೂ ರೆಕಾರ್ಡ್ ಮಾಡಿ ಕೇಳಿದರೆ ಮದುವೆ ಮನೆ ಆರ್ಕೆಸ್ಟ್ರಾ ಇದ್ದ ಹಾಗಿತ್ತು.

ನಾನು ರಾಣೆಬೆನ್ನೂರು ಕಡೆಯವನು. ಈಗ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಈ ಊರಲ್ಲಿ ಕಂಟ್ರಿ ಸಂಗೀತ, ಅಂದರೆ ಇಲ್ಲಿನ ಹಳ್ಳಿಗಾಡಿನ ಹಾಡು, ಬೇಡ ಅಂದರೂ ಕಿವಿಗೆ ಬೀಳುತ್ತದೆ. ಅದಕ್ಕೆ ಕಪ್ಪು ಜನರ ಬ್ಲೂಸ್ ಸೇರಿಸಿ, ಸ್ವಲ್ಪ ಜೋರಾಗಿ ಓಡಿಸಿದರೆ ರಾಕಬಿಲಿ, ಕಾರ್ಲ್ ನುಡಿಸುತ್ತಿದ್ದದ್ದು ಅದೇ. ಅದನ್ನೇ ಹಾಡುತ್ತಿದ್ದ ಎಲ್ವಿಸ್ ಪ್ರೀಸ್ಲಿ ಎಲ್ಲರಿಗೂ ಗೊತ್ತು. ಕಾರ್ಲ್ ಅಷ್ಟು ಗೊತ್ತಿಲ್ಲ, ಅಲ್ವಾ? ನನಗೂ ಗೊತ್ತಿರಲಿಲ್ಲ.

ಕಾರ್ಲ್ ಹುಟ್ಟಿದ್ದು 1932ರಲ್ಲಿ, ಇದೇ ಟೆನೆಸ್ಸಿ ರಾಜ್ಯದ ಟಿಪ್ಟನ್‌ವಿಲ್ ಹತ್ತಿರ. ಅಪ್ಪ ಪಾಲಿಗೆ ಹೊಲ ಮಾಡುತ್ತಿದ್ದವರು, ಮನೆಮಂದಿಯೆಲ್ಲ ಹತ್ತಿ ಬಿಡಿಸಲು ಹೋಗುತ್ತಿದ್ದರು. ಇದನ್ನು ಓದಿದಾಗ ನನಗೆ ನಮ್ಮಜ್ಜಿಯ ಬೆರಳು ನೆನಪಾಯಿತು. ಒಣಗಿದ ಹತ್ತಿಕಾಯಿ ತುದಿ ಚುಚ್ಚಿ ಚುಚ್ಚಿ ಅವಳ ಉಗುರಿನ ಬುಡ ಯಾವಾಗಲೂ ಸೀಳಿರುತ್ತಿತ್ತು. ಅಂಥ ಕೈಯಲ್ಲೇ ಈ ಹುಡುಗ ಸಂಜೆ ಗಿಟಾರ್ ಹಿಡಿಯುತ್ತಿದ್ದ. ಮೊದಲ ಗಿಟಾರನ್ನು ಅಪ್ಪನೇ ಸಿಗಾರ್ ಡಬ್ಬಿಗೆ ಪೊರಕೆ ಕೋಲು ಸೇರಿಸಿ ಮಾಡಿಕೊಟ್ಟಿದ್ದರು. ಕಲಿಸಿದ್ದು ಅದೇ ಹೊಲದಲ್ಲಿ ದುಡಿಯುತ್ತಿದ್ದ ಜಾನ್ ವೆಸ್ಟ್‌ಬ್ರೂಕ್ ಅನ್ನುವ ಕಪ್ಪು ಹಿರಿಯ. ಅಂಕಲ್ ಜಾನ್ ಅಂತ ಕಾರ್ಲ್ ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದ.

ಇಲ್ಲಿಂದ ನನಗೆ ಬೇಕಾದ ವಿಷಯ. ತಂತಿ ಹರಿದರೆ ಹೊಸದು ತರಲು ದುಡ್ಡಿಲ್ಲ. ಹಾಗಾಗಿ ಹರಿದ ತಂತಿಗೇ ಗಂಟು ಹಾಕಿ ಮತ್ತೆ ಬಿಗಿಯುತ್ತಿದ್ದ. ಬೆರಳು ಜಾರಿಸಿಕೊಂಡು ಮೇಲಿನ ಸ್ವರಕ್ಕೆ ಹೋಗೋಣ ಅಂದರೆ ಗಂಟು ಅಡ್ಡ, ಚರ್ಮ ಕಿತ್ತು ಬರುತ್ತದೆ. ಅದಕ್ಕೇ ಗಂಟಿನ ಈಚೆಗೇ ನಿಂತು, ತಂತಿಯನ್ನೇ ಪಕ್ಕಕ್ಕೆ ತಳ್ಳಿ ಸ್ವರ ಏರಿಸುವುದನ್ನು ರೂಢಿ ಮಾಡಿಕೊಂಡ. ನಾನು ಮಾತ್ರ ಹೊಸ ತಂತಿ ಮೇಲೆ ಆರಾಮಾಗಿ ಜಾರಿಸುತ್ತಾ ಕೂತಿದ್ದೆ!

ಒಂದು ಭಾನುವಾರ ಪ್ರಯೋಗ ಮಾಡಿಯೇ ಬಿಟ್ಟೆ. ಎರಡನೇ ತಂತಿಯನ್ನು ಕತ್ತರಿಸಿ, ಗಿಟಾರ್ ಕತ್ತಿನ ಏಳನೇ ಮನೆ (ಫ್ರೆಟ್) ಹತ್ತಿರ ಗಂಟು ಬರುವ ಹಾಗೆ ಬಿಗಿದೆ. ಎರಡು ಸಲ ಬಿಚ್ಚಿಕೊಂಡಿತು, ಒಂದು ಸಲ ಪಟ್ ಅಂತ ಹರಿದು ಕೆನ್ನೆಗೆ ಬಡಿಯಿತು. ನಾಲ್ಕನೇ ಸಲ ನಿಂತಿತು. ಸುಮ್ನೆ ಅಭ್ಯಾಸಬಲದಿಂದ ಜಾರಿಸಿದೆ, ಬೆರಳ ತುದಿ ಕೊಯ್ದುಕೊಂಡು ರಕ್ತ. ಆಮೇಲೆ ಕೈ ತಾನಾಗಿಯೇ ಕಲಿಯಿತು ನೋಡಿ. ಗಂಟಿನ ಹಿಂದೆ ನಿಲ್ಲುತ್ತದೆ, ತಳ್ಳುತ್ತದೆ, ಬಿಡುತ್ತದೆ. ಧಾರವಾಡದಲ್ಲಿ ಕಾಲೇಜು ಓದುವಾಗ ಎರಡು ವರ್ಷ ಸಿತಾರ್ ಕಲಿತಿದ್ದೆ, ಮೀಂಡ್ ಎಳೆದ ಕೈ ಇದು, ಸಲೀಸಾಗುತ್ತದೆ ಅಂದುಕೊಂಡಿದ್ದೆ. ಅದೇ ತೊಂದರೆ ಕೊಟ್ಟಿತು. ಮೀಂಡ್‌ನಲ್ಲಿ ನಿಧಾನವಾಗಿ ಎಳೆದು ಸರಿಯಾದ ಸ್ವರಕ್ಕೆ ಹೋಗಿ ಕೂರಬೇಕು. ಇಲ್ಲಿ ಥಟ್ಟನೆ ತಳ್ಳಿ, ಸ್ವರ ಮುಟ್ಟುವ ಮುಂಚೆಯೇ ಬಿಟ್ಟುಬಿಡಬೇಕು. ಆ ಅರ್ಧಂಬರ್ಧದಲ್ಲೇ ರುಚಿ.

ಬಲಗೈ ಕೆಲಸ ಇನ್ನೊಂದು. ಅಂಗೈ ಅಂಚನ್ನು ದಪ್ಪ ತಂತಿಗಳ ಮೇಲೆ ಒತ್ತಿ ಡುಮ್ ಡುಮ್ ಅಂತ ಮಂದ್ರ ನಡೆಸಬೇಕು, ನಡುನಡುವೆ ಸಣ್ಣ ತಂತಿಗಳನ್ನು ಚುರುಕಾಗಿ ಹೊಡೆಯಬೇಕು. ಕಾರ್ಲ್ ರೆಕಾರ್ಡ್ ಮಾಡುತ್ತಿದ್ದ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಅದರ ಮಾಲೀಕ ಸ್ಯಾಮ್ ಫಿಲಿಪ್ಸ್ ಎರಡು ಟೇಪ್ ಯಂತ್ರ ಇಟ್ಟುಕೊಂಡು ಹುಟ್ಟಿಸುತ್ತಿದ್ದ ಪ್ರತಿಧ್ವನಿಯೂ ಬೇಕು. ನಾನು ಡಿಲೇ ಪೆಡಲ್ ಅನ್ನು, ಅಂದರೆ ಸದ್ದನ್ನು ತಡವಾಗಿ ಮರಳಿಸುವ ಡಬ್ಬಿಯನ್ನು, 130 ಮಿಲಿಸೆಕೆಂಡಿಗೆ ಇಟ್ಟು, ಒಂದೇ ಒಂದು ಸಲ ಮರುಕಳಿಸುವ ಹಾಗೆ ಮಾಡಿಕೊಂಡೆ. ಎರಡು ಸಲ ಬಂದರೆ ಬಾವಿಯೊಳಗೆ ಕೂತು ನುಡಿಸಿದ ಹಾಗಿರುತ್ತದೆ.

ಈ ಸ್ಟುಡಿಯೋದಲ್ಲೇ 1955ರ ಡಿಸೆಂಬರಿನಲ್ಲಿ ಕಾರ್ಲ್ ಬರೆದು ಹಾಡಿದ 'ಬ್ಲೂ ಸ್ವೇಡ್ ಶೂಸ್' ರೆಕಾರ್ಡ್ ಆಗಿದ್ದು. ಹಾಡು ಬರೆದುಕೊಂಡಿದ್ದು ಆಲೂಗಡ್ಡೆ ಚೀಲದ ಕಾಗದದ ಮೇಲೆ, ಮನೆಯಲ್ಲಿ ಬೇರೆ ಹಾಳೆ ಇರಲಿಲ್ಲವಂತೆ. ಅಣ್ಣ ಜೇ ಮತ್ತು ತಮ್ಮ ಕ್ಲೇಟನ್ ಜೊತೆಗಿದ್ದರು, ಡ್ರಮ್ಸ್ ಮೇಲೆ ಡಬ್ಲ್ಯೂ.ಎಸ್. ಹಾಲೆಂಡ್. ಹತ್ತು ಲಕ್ಷ ಪ್ರತಿ ಮಾರಾಟವಾಯಿತು. 1956ರ ಮಾರ್ಚ್ 22ರಂದು, ಟಿವಿ ಕಾರ್ಯಕ್ರಮಕ್ಕೆ ಅಂತ ನ್ಯೂಯಾರ್ಕಿಗೆ ಹೋಗುವಾಗ, ಡೆಲವೇರ್‌ನಲ್ಲಿ ಕಾರು ಒಂದು ಪಿಕಪ್ ಟ್ರಕ್ಕಿಗೆ ಗುದ್ದಿತು. ಟ್ರಕ್ಕಿನ ಚಾಲಕ ತೀರಿಕೊಂಡ. ಜೇ ಕುತ್ತಿಗೆ ಮುರಿಯಿತು. ಕಾರ್ಲ್ ಆಸ್ಪತ್ರೆ ಸೇರಿದ, ಅದೇ ಹಾಡನ್ನು ಎಲ್ವಿಸ್ ಟಿವಿಯಲ್ಲಿ ಹಾಡಿದ. ಅಪಘಾತ ಆಗದಿದ್ದರೆ ಎಲ್ವಿಸ್ ಜಾಗದಲ್ಲಿ ಕಾರ್ಲ್ ಇರುತ್ತಿದ್ದ ಅಂತ ಇಲ್ಲಿ ಕೆಲವರು ವಾದ ಮಾಡುತ್ತಾರೆ. ನನಗೆ ಹಾಗನಿಸುವುದಿಲ್ಲ. ಎಲ್ವಿಸ್ ಅಷ್ಟರಲ್ಲಾಗಲೇ ದೊಡ್ಡ ರೆಕಾರ್ಡ್ ಕಂಪನಿ ಸೇರಿ 'ಹಾರ್ಟ್‌ಬ್ರೇಕ್ ಹೋಟೆಲ್' ಹಾಡಿ ಆಗಿತ್ತು. ಕಾರ್ಲ್‌ಗೆ ಹೆಂಡತಿ ಮಕ್ಕಳಿದ್ದರು, ಆ ಮಟ್ಟದ ಥಳುಕೂ ಇರಲಿಲ್ಲ.

ಆ ಹಾಡನ್ನು ಮೊದಲ ಸಲ ನಾಲ್ಕು ಜನರ ಮುಂದೆ ನುಡಿಸಿದಾಗ ನನ್ನ ಮಾನ ಹೋಯಿತು. ಒಂದು ಬಾರಿನಲ್ಲಿ ಬುಧವಾರ ಯಾರು ಬೇಕಾದರೂ ಹತ್ತಿ ನುಡಿಸಬಹುದು. ಶುರುವಿನಲ್ಲಿ ಪ್ರತಿ ಸಾಲಿನ ಕೊನೆಗೆ ಕಾರ್ಲ್ ಎರಡು ಪೆಟ್ಟು ಕೊಟ್ಟು ತಡೆದು ನಿಲ್ಲುತ್ತಾನೆ, ಎಲ್ವಿಸ್ ಅಷ್ಟು ಕಾಯದೆ ಮುಂದಕ್ಕೋಡುತ್ತಾನೆ. ನಾನು ಕಾರ್ಲ್ ಲೆಕ್ಕದಲ್ಲಿದ್ದೆ, ಹಿಂದಿನ ಮೂವರು ಎಲ್ವಿಸ್ ಲೆಕ್ಕದಲ್ಲಿ. ಮೂರನೇ ಸಾಲಿಗೆ ಎಲ್ಲರೂ ಒಬ್ಬೊಬ್ಬರು ಒಂದೊಂದು ಕಡೆ. ಡ್ರಮ್ಸ್‌ನ ಮುದುಕಪ್ಪ ಕೋಲು ಎತ್ತಿ ಹಿಡಿದು ನಗುತ್ತಾ ಕೂತುಬಿಟ್ಟ. ಈಗ ಹತ್ತುವ ಮುಂಚೆಯೇ ಯಾರ ಲೆಕ್ಕ ಅಂತ ಕೇಳಿಕೊಳ್ಳುತ್ತೇನೆ.

ಮುಂದಿನ ಬದುಕು ಏರಿಳಿತದ್ದೇ. 1958ರಲ್ಲಿ ಜೇ ತೀರಿಕೊಂಡ, ಕಾರ್ಲ್ ಕುಡಿತಕ್ಕೆ ಬಿದ್ದ. 1964ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದವರು ಅವನ ಮೂರು ಹಾಡು ರೆಕಾರ್ಡ್ ಮಾಡಿದರು. ಆಮೇಲೆ ಸುಮಾರು ಹತ್ತು ವರ್ಷ ಕಂಟ್ರಿ ಹಾಡುಗಾರ ಜಾನಿ ಕ್ಯಾಶ್ ತಂಡದ ಜೊತೆ ಊರೂರು ತಿರುಗಿದ, ಕುಡಿತವನ್ನೂ ಬಿಟ್ಟ. ಕ್ಯಾಶ್ ಹಾಡಿ ಗೆದ್ದ 'ಡ್ಯಾಡಿ ಸ್ಯಾಂಗ್ ಬೇಸ್' ಇವನೇ ಬರೆದದ್ದು. 1998ರಲ್ಲಿ ಟೆನೆಸ್ಸಿಯ ಜಾಕ್ಸನ್‌ನಲ್ಲಿ ಕಾರ್ಲ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬಂದಿದ್ದರು.

ಗಂಟಿನ ತಂತಿ ಮೂರು ವಾರ ಇಟ್ಟುಕೊಂಡಿದ್ದೆ, ಆಮೇಲೆ ತುಕ್ಕು ಹಿಡಿಯಿತು, ತೆಗೆದೆ. ಕೈ ಮಾತ್ರ ಈಗಲೂ ಏಳನೇ ಮನೆ ಹತ್ತಿರ ಬಂದರೆ ತಾನಾಗಿ ನಿಲ್ಲುತ್ತದೆ. ಸದ್ಯ ಕಾರ್ಲ್‌ನದೇ 'ಹನಿ ಡೋಂಟ್' ಹಾಡು ಹಿಡಿದಿದ್ದೇನೆ. ಅದರಲ್ಲಿ ಇ (E) ಕಾರ್ಡ್‌ನಿಂದ ಸೀದಾ ಸಿ (C) ಕಾರ್ಡ್‌ಗೆ ಹಾರಬೇಕು, ಹತ್ತರಲ್ಲಿ ಆರು ಸಲ ತಡವಾಗುತ್ತಿದೆ.