ಹಾಡಿಗೆ ಸಿಕ್ಕಿದ್ದು 11 ನಿಮಿಷ: ಕುಶಾಲನಗರದ ತಿಂಗಳ ಕೂಟದಲ್ಲಿ ನನ್ನ ಅನುಭವ

ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ಕುಶಾಲನಗರದಲ್ಲಿ ಕೆಲವು ಗೆಳೆಯರೊಂದಿಗೆ ಸೇರಿಕೊಂಡು ತಿಂಗಳಿಗೊಮ್ಮೆ ಸಾಹಿತ್ಯ ಮತ್ತು ಸಂಗೀತದ ಕೂಟವೊಂದನ್ನು ನಡೆಸಿಕೊಂಡು ಬಂದಿದ್ದೇನೆ. ಸಮೀಪದ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣವು 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಗಿ ಕಾರ್ಯಾರಂಭ ಮಾಡಿದ ಮೇಲೆ ನಮ್ಮ ಕೂಟಕ್ಕೆ ವಿದ್ಯಾರ್ಥಿಗಳ ಬರವು ಹೆಚ್ಚಿತು. ಉಳಿದಂತೆ ಬರುವವರು ತೋಟದವರು, ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಪದ್ಯ ಬರೆಯುವ ಒಬ್ಬ ಔಷಧಿ ಅಂಗಡಿಯವರು. ಒಟ್ಟು 60 ಕುರ್ಚಿ ಹಾಕಿದರೆ ಸಾಕು. 80 ಹಾಕಿದ ದಿನ ಸಭೆ ಖಾಲಿಯಾಗಿ ಕಾಣುತ್ತದೆ.

ಮೊದಲ ವರ್ಷ ನಾವು ನಡೆಸಿದ್ದು ಎಲ್ಲರೂ ನಡೆಸುವಂಥ ಕಾರ್ಯಕ್ರಮವನ್ನೇ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಅತಿಥಿಗಳು ಬರುವುದು ತಡವಾದರೆ ಸಭಿಕರು ಎದ್ದು ಹೋಗದಿರಲಿ ಎಂದು ‘ಈಗ ಒಂದು ಭಾವಗೀತೆ’ ಎಂದು ಘೋಷಿಸುತ್ತಿದ್ದೆವು. ಅತಿಥಿಗಳ ಕಾರು ಬಾಗಿಲಿಗೆ ಬಂದ ಕೂಡಲೇ ನಿರೂಪಕರು ಕೈಸನ್ನೆ ಮಾಡುತ್ತಿದ್ದರು. ಹಾಡುತ್ತಿದ್ದ ಹೆಣ್ಣುಮಗಳು ಕೊನೆಯ ಎರಡು ಚರಣಗಳನ್ನು ಬಿಟ್ಟು ಪಲ್ಲವಿಗೆ ಬಂದು ಮುಗಿಸುತ್ತಿದ್ದರು. ಒಂದು ಶನಿವಾರ ನಾನು ಹಿಂದಿನ ಸಾಲಿನಲ್ಲಿ ಕುಳಿತು ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಯಾವುದಕ್ಕೆ ಎಷ್ಟು ಸಮಯ ಹೋಯಿತೆಂದು ಬರೆದುಕೊಂಡೆ. ಎರಡು ಗಂಟೆ 40 ನಿಮಿಷಗಳಲ್ಲಿ ಹಾಡಿಗೆ ಸಿಕ್ಕಿದ್ದು 11 ನಿಮಿಷ. ಅದರಲ್ಲೂ ಎರಡೂವರೆ ನಿಮಿಷ ನಾಡಗೀತೆಯದು, ಅದು 2022ರಲ್ಲಿ ಸರ್ಕಾರವೇ ಗೊತ್ತುಪಡಿಸಿದ ಅವಧಿ. ಹಾರ, ಶಾಲು, ಸ್ಮರಣಿಕೆ ಮತ್ತು ಫೋಟೊಗಳಿಗೆ 24 ನಿಮಿಷ ಹೋಗಿತ್ತು.

ಆ ಲೆಕ್ಕ ನನ್ನನ್ನು ನಾಚಿಸಿದ್ದಕ್ಕೆ ಕಾರಣವಿದೆ. ಕೊಡಗಿನಲ್ಲಿ ಹಾಡನ್ನು ಬಿಟ್ಟು ಸಾಹಿತ್ಯದ ಚರಿತ್ರೆಯನ್ನು ಹೇಳಲಾಗದು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನಲ್ಲಿ ಹಾಡು, ಗಾದೆ, ಆಚರಣೆಗಳನ್ನು ಕೇಳಿ, ಕೊಡವರ ಭಾಷೆಯಾದ ಕೊಡವ ತಕ್ಕನ್ನು ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಸಂಗ್ರಹವನ್ನು ಪ್ರಕಟಿಸಿದರು, ಅದರ ಬಹುಭಾಗ ಜನ ದುಡಿ ಎಂಬ ಪುಟ್ಟ ಚರ್ಮವಾದ್ಯವನ್ನು ಬಾರಿಸುತ್ತ ಹಾಡಿದ್ದೇ. ಕೊಡವ ತಕ್ಕಿನಲ್ಲಿ ನಾಟಕ ಬರೆದ ಹರದಾಸ ಅಪ್ಪಚ್ಚ ಕವಿಗಳ ಹೆಸರಿನಲ್ಲಿಯೇ ಹರಿಕಥೆಯ ನಾದವಿದೆ. ಮಡಿಕೇರಿಯಲ್ಲಿ ಕೆಲಸದಲ್ಲಿದ್ದ ಪಂಜೆ ಮಂಗೇಶರಾಯರು ಕೊಡಗಿನ ಮೇಲೆ ಬರೆದ ಪದ್ಯವನ್ನು ಇಲ್ಲಿನ ಮಕ್ಕಳು ಇಂದಿಗೂ ಓದುವುದಕ್ಕಿಂತ ಹೆಚ್ಚಾಗಿ ಹಾಡುತ್ತಾರೆ. ಇಂಥ ನೆಲದಲ್ಲಿ ಅತಿಥಿಗಳ ಕಾರು ಬರುವವರೆಗೆ ಹೊತ್ತು ಕಳೆಯಲು ಹಾಡನ್ನು ಬಳಸುತ್ತಿದ್ದೆವು. ಮುಂದಿನ ತಿಂಗಳಿನಿಂದ ಕ್ರಮವನ್ನು ತಲೆಕೆಳಗು ಮಾಡೋಣ, ಹಾಡು ಮೊದಲು, ಮಾತು ಏನಿದ್ದರೂ ಆ ಹಾಡಿನಿಂದಲೇ ಹೊರಡಲಿ ಎಂದು ಗೆಳೆಯರಲ್ಲಿ ಕೇಳಿದೆ. ಮೂವರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದವರಲ್ಲಿ ಒಬ್ಬರು ಅಧ್ಯಕ್ಷೀಯ ನುಡಿಯನ್ನು ಖಾಯಂ ಆಗಿ ಆಡುತ್ತಿದ್ದವರು.

ಹೊಸ ಕ್ರಮದ ಮೊದಲ ಕೂಟ ಜುಲೈ ತಿಂಗಳಲ್ಲಿ ಬಿತ್ತು, ಅದೇ ನಾನು ಮಾಡಿದ ಮೊದಲ ತಪ್ಪು. ದುಡಿಕೊಟ್ಟ್ ಪಾಟಿನ, ಅಂದರೆ ದುಡಿ ಬಾರಿಸುತ್ತ ಹಾಡುವ ಕೊಡವ ಹಾಡಿನ, ನಾಲ್ವರು ಹಿರಿಯರನ್ನು ಕರೆದಿದ್ದೆವು. ಈ ಹಾಡಿಕೆಯಲ್ಲಿ ನಾಲ್ವರು ಎರಡು ಜೋಡಿಯಾಗಿ ನಿಲ್ಲುತ್ತಾರೆ. ಒಂದು ಜೋಡಿ ಸಾಲನ್ನು ಎತ್ತುತ್ತದೆ, ಇನ್ನೊಂದು ಜೋಡಿ ಅದನ್ನು ಹಿಡಿದು ಮುಂದಕ್ಕೆ ಒಯ್ಯುತ್ತದೆ, ಕೈಯಲ್ಲಿ ದುಡಿ ನುಡಿಯುತ್ತಲೇ ಇರುತ್ತದೆ. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲು ಅವರಲ್ಲಿ ಹಿರಿಯರಾದ ಅಜ್ಜ ಚೀಲದಿಂದ ದುಡಿಯನ್ನು ತೆಗೆದು ಒಮ್ಮೆ ತಟ್ಟಿ ಮುಖ ಸಿಂಡರಿಸಿದರು. ನಡು ಸಣ್ಣಗಿರುವ ಆ ಪುಟ್ಟ ವಾದ್ಯದ ಚರ್ಮ ಮಳೆಗಾಲದ ತೇವಕ್ಕೆ ಸಡಿಲಾಗಿ, ‘ಡುಂ’ ಎನ್ನಬೇಕಾದದ್ದು ‘ದಬ್’ ಎನ್ನುತ್ತಿತ್ತು.

“ಇದಕ್ಕೆ ಚಳಿ ಹಿಡಿದಿದೆ ಮೇಷ್ಟ್ರೇ, ಬೆಂಕಿ ಎಲ್ಲಿದೆ?” ಎಂದರು.

ಸಭಾಂಗಣದಲ್ಲಿ ಬೆಂಕಿ ಎಲ್ಲಿಂದ ಬರಬೇಕು? ಹಿಂಬದಿಯ ಕೋಣೆಯಲ್ಲಿ ಕಾಫಿಗೆ ನೀರು ಕಾಯಿಸುತ್ತಿದ್ದ ಗ್ಯಾಸ್ ಒಲೆಯ ಬಳಿಗೆ ಕರೆದೊಯ್ದೆ. ಉರಿಯ ಮೇಲೆ ಹಿಡಿಯಬಾರದೆಂದು ಅವರು ಪಾತ್ರೆಯ ಪಕ್ಕದಲ್ಲಿ, ಒಂದು ಗೇಣು ದೂರದಲ್ಲಿ, ದುಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದರು. ನಾಲ್ಕಾರು ಸುತ್ತಿಗೊಮ್ಮೆ ಕಿವಿಯ ಹತ್ತಿರ ಒಯ್ದು ಬೆರಳ ತುದಿಯಿಂದ ತಟ್ಟಿ ಕೇಳುವರು, ತಲೆಯಾಡಿಸುವರು, ಮತ್ತೆ ಬಿಸಿಗೆ ಹಿಡಿಯುವರು. ನಾಲ್ಕು ದುಡಿಗಳಿಗೂ ಹೀಗೆಯೇ ಆಗುವ ಹೊತ್ತಿಗೆ 20 ನಿಮಿಷ ಕಳೆದಿತ್ತು, ಕಾಫಿಯೂ ಕುದಿದು ಕಹಿಯಾಗಿತ್ತು. ಅಂದಿನಿಂದ ನಮ್ಮ ಸಾಮಾನಿನ ಪಟ್ಟಿಯಲ್ಲಿ ಒಂದು ಕಬ್ಬಿಣದ ಬಾಣಲೆ ಮತ್ತು ಅರ್ಧ ಚೀಲ ಇದ್ದಿಲು ಸೇರಿವೆ. ತಬಲಾ ನುಡಿಸುವವರು ಬಂದರೂ ಮಳೆಗಾಲದಲ್ಲಿ ಅವರನ್ನು ಒಂದು ಗಂಟೆ ಮೊದಲೇ ಕರೆಸಿ, ವಾದ್ಯಗಳನ್ನು ಚೀಲದಿಂದ ಹೊರತೆಗೆದು ಇಡುವಂತೆ ಹೇಳುತ್ತೇನೆ.

ಅದೇ ದಿನ ಇನ್ನೊಂದು ಪಾಠವೂ ಆಯಿತು. ಮೈಕ್ ಸೆಟ್ಟಿನ ಹುಡುಗ ಭಾಷಣಕಾರರಿಗೆ ಮಾಡುವ ಅಭ್ಯಾಸದಂತೆ ನಾಲ್ವರನ್ನೂ ಸಭೆಯ ಕಡೆಗೆ ಮುಖ ಮಾಡಿ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್ ನೆಟ್ಟ. ಎರಡನೆಯ ಜೋಡಿಗೆ ಮೊದಲ ಜೋಡಿಯ ಬಾಯಿ ಕಾಣಲಿಲ್ಲ. ಸಾಲು ಎಲ್ಲಿ ಮುಗಿಯಿತು, ಎಲ್ಲಿ ಹಿಡಿಯಬೇಕು ಎಂಬುದು ತಿಳಿಯದೆ ಎರಡು ಬಾರಿ ಹಾಡು ತಡವರಿಸಿ ನಿಂತಿತು. ಅಜ್ಜನೇ ಮೈಕನ್ನು ಬದಿಗೆ ಸರಿಸಿ ಎದುರುಬದುರಾಗಿ ತಿರುಗಿದರು. ಪಾಟು ಸರಾಗವಾಗಿ ಹರಿಯಿತು. ಅಷ್ಟರಲ್ಲಿ ಮಳೆ ಜೋರಾಯಿತು. ನಮ್ಮ ಸಭಾಂಗಣದ ಮಾಡು ತಗಡಿನ ಶೀಟಿನದು. ಅದರ ಮೇಲೆ ಜುಲೈ ತಿಂಗಳ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸದು. ಧ್ವನಿವರ್ಧಕವನ್ನು ಏರಿಸಿದಷ್ಟೂ ಕಿರುಚಾಟವೇ ಹೆಚ್ಚಿತು. ಕೊನೆಗೆ ಅದನ್ನು ಆರಿಸಿ, ಕುರ್ಚಿಗಳನ್ನು ಹಿಂದಕ್ಕೆ ತಳ್ಳಿ, ಜಮಖಾನ ಹಾಸಿ, ಹಾಡುವವರನ್ನು ನಡುವೆ ನಿಲ್ಲಿಸಿಕೊಂಡು ಎಲ್ಲರೂ ಸುತ್ತಲೂ ಕುಳಿತೆವು. ಅಂದು ಬಂದಿದ್ದ 35 ಮಂದಿಯಲ್ಲಿ ಕೊನೆಯವರೆಗೆ ಒಬ್ಬರೂ ಏಳಲಿಲ್ಲ. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೇದಿಕೆಯನ್ನೇ ಬಳಸುವುದಿಲ್ಲ, ಜಮಖಾನದ ಕೂಟವೇ.

ಹಾಡಿನಿಂದ ಮಾತು ಹೊರಡಬೇಕಾದರೆ ಅದಕ್ಕೆ ತಯಾರಿ ಬೇಕು. ಕೂಟಕ್ಕೆ ಮೂರು ವಾರ ಮೊದಲು ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಡುವವರ ಮನೆಗೆ ಹೋಗುತ್ತೇನೆ. ಪೂರ್ತಿ ಹಾಡು ಗಂಟೆಗಟ್ಟಲೆ ಇರುತ್ತದೆ. ಯಾವ ಭಾಗವನ್ನು ಹಾಡಬಹುದೆಂದು ಅವರೇ ಹೇಳಬೇಕು, ನಾವು ಕತ್ತರಿ ಆಡಿಸಕೂಡದು. ಆ ಭಾಗವನ್ನು ವಿದ್ಯಾರ್ಥಿಗಳು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಎದುರಿಗೆ ಒಂದು ಪುಟ ಮೂಲ, ಇನ್ನೊಂದು ಪುಟ ಕನ್ನಡದ ಅರ್ಥ ಎಂಬಂತೆ ಜೆರಾಕ್ಸ್ ಮಾಡಿಸುತ್ತಾರೆ. ಕೊಡಗಿನಲ್ಲಿ ಒಂದೇ ಸಭೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ ಮಾತನಾಡುವವರು ಕುಳಿತಿರುತ್ತಾರೆ. ಎಲ್ಲರಿಗೂ ಎಲ್ಲವೂ ತಿಳಿಯುತ್ತದೆಂದು ಭಾವಿಸುವುದು ಸೌಜನ್ಯದ ಸುಳ್ಳು. ಕೂಟದಲ್ಲಿ 25 ನಿಮಿಷ ಹಾಡು, ಅದರ ನಂತರ ಒಬ್ಬರೇ ಮಾತನಾಡುವವರು, 15 ನಿಮಿಷ, ಅದೂ ಆ ಪುಟದಲ್ಲಿರುವ ಸಾಲುಗಳ ಮೇಲೆ ಮಾತ್ರ. ಒಬ್ಬ ಪ್ರಾಧ್ಯಾಪಕರು ಒಂದೇ ಒಂದು ಪದದ ಹಿಂದೆ ಬಿದ್ದು, ಗದ್ದೆಯ ಅಳತೆಗೆ ಸಂಬಂಧಿಸಿದ ಆ ಪದವನ್ನು ಸಭೆಯಲ್ಲಿದ್ದ ರೈತರೊಬ್ಬರಿಂದಲೇ ಬಿಡಿಸಿ ಹೇಳಿಸಿದ್ದು ನಮ್ಮ ಕೂಟದ ಅತ್ಯುತ್ತಮ ಉಪನ್ಯಾಸಗಳಲ್ಲಿ ಒಂದು. ಉಪನ್ಯಾಸಕರು ಆಡಿದ್ದು ಏಳೆಂಟು ವಾಕ್ಯ.

ಕವಿಗೋಷ್ಠಿಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಪ್ಪತ್ತು ಕವಿಗಳನ್ನು ಕರೆದರೆ ಸಭಿಕರೆಂದರೆ ಆ ಇಪ್ಪತ್ತು ಮಂದಿಯೇ, ಅದರಲ್ಲೂ ತಮ್ಮ ಸರದಿ ಮುಗಿದವರು ಚಪ್ಪಲಿ ಹುಡುಕುತ್ತಿರುತ್ತಾರೆ. ನಾವು ಐವರನ್ನು ಕರೆಯುತ್ತೇವೆ, ಒಬ್ಬೊಬ್ಬರು ಒಂದೇ ಪದ್ಯವನ್ನು ಎರಡು ಬಾರಿ ಓದುತ್ತಾರೆ. ಎರಡನೆಯ ಓದಿನಲ್ಲಿಯೇ ಪದ್ಯ ಕೇಳಿಸುವುದು. ಒಂದು ಮಾರ್ಚ್ ತಿಂಗಳಲ್ಲಿ ಪದ್ಯಗಳ ಬದಲು, 27ನೆಯ ವಯಸ್ಸಿನಲ್ಲಿ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಯೊಂದನ್ನು ಇಬ್ಬರು ವಿದ್ಯಾರ್ಥಿನಿಯರು ಗಟ್ಟಿಯಾಗಿ ಓದಿದರು. ನಡುವೆ ಕೊಳಲು ಇರಲೆಂದು ಕೆಲವರು ಸೂಚಿಸಿದ್ದರು. ನಾನು ಬೇಡವೆಂದೆ. ಹಾಡನ್ನು ಮಾತಿನ ಬಿಡುವಿಗೆ ತುಂಬಬಾರದು ಎಂದು ಹೊರಟವರು ಕೊಳಲನ್ನು ಕಥೆಯ ಬಿಡುವಿಗೆ ತುಂಬುವುದು ಸರಿಯೆನಿಸಲಿಲ್ಲ.

ಚಿತ್ರಪ್ರದರ್ಶನದಲ್ಲಿ ನಾವು ಕಲಿತದ್ದು ಪೂರಾ ಕೈಕೆಲಸದ ಸಂಗತಿ. ಇಲ್ಲಿನ ಗೋಡೆಗಳು ವರ್ಷದ ಅರ್ಧ ಕಾಲ ಬೆವರುತ್ತವೆ. ಅಂಟುಪಟ್ಟಿ ಹಚ್ಚಿದ ಜಲವರ್ಣ ಚಿತ್ರಗಳು ಒಂದು ಗಂಟೆಯಲ್ಲಿ ಒಂದೊಂದಾಗಿ ನೆಲಕ್ಕೆ ಬಿದ್ದವು, ಎರಡು ಚಿತ್ರಗಳ ಬೆನ್ನಿಗೆ ಸುಣ್ಣ ಮೆತ್ತಿಕೊಂಡಿತು. ಚಿತ್ರ ಬರೆದ ಹುಡುಗ ಏನೂ ಹೇಳಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಈಗ ಗೋಡೆಯಿಂದ ಒಂದು ಅಡಿ ಮುಂದಕ್ಕೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಚಿತ್ರಗಳನ್ನು ತೂಗುಹಾಕುತ್ತೇವೆ.

ಸಮಯದ ವಿಚಾರದಲ್ಲಿ ಕೊಡಗು ಯಾರ ಮಾತನ್ನೂ ಕೇಳುವುದಿಲ್ಲ. ಸಂಜೆ ಆರಕ್ಕೆ ಕೂಟ ಇಟ್ಟರೆ ಸುಂಟಿಕೊಪ್ಪದ ಕಡೆಯವರು ಬರಲೊಲ್ಲರು, ಏಕೆಂದರೆ ವಾಪಸಾಗುವಾಗ ಆನೆಕಾಡಿನ ರಸ್ತೆಯಲ್ಲಿ ಕತ್ತಲಾಗುತ್ತದೆ, ಬೈಕಿನಲ್ಲಿ ಬರುವವರಿಗೆ ಆನೆಯ ಭಯ ಕಾಲ್ಪನಿಕವಲ್ಲ. ವಿದ್ಯಾರ್ಥಿಗಳಿಗೆ ಬಸ್ಸಿನ ಚಿಂತೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರು ಸಂಜೆ ಹಣ್ಣು ತೂಗುವ ಹೊತ್ತಿಗೆ ಅಲ್ಲಿರಲೇಬೇಕು. ಆದ್ದರಿಂದ ಎರಡನೆಯ ಶನಿವಾರ ಮಧ್ಯಾಹ್ನ ಎರಡೂವರೆಗೆ ಆರಂಭಿಸಿ ನಾಲ್ಕೂಮುಕ್ಕಾಲಿಗೆ ಮುಗಿಸುತ್ತೇವೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂಬ 2000ನೆಯ ಇಸವಿಯ ನಿಯಮದ ಗೋಜೂ ನಮಗಿಲ್ಲ. ಅಕ್ಟೋಬರ್‌ನಲ್ಲಿ ಮಡಿಕೇರಿ ದಸರಾದಲ್ಲಿ ಹತ್ತು ದೇವಾಲಯಗಳಿಂದ ಹೊರಡುವ ದಶಮಂಟಪಗಳ ಮೆರವಣಿಗೆಗೋ ತುಲಾ ಸಂಕ್ರಮಣಕ್ಕೆ ತಲಕಾವೇರಿಗೋ ಜನ ಹೊರಟುಬಿಡುವುದರಿಂದ ಆ ತಿಂಗಳು ಕೂಟವೇ ಇಲ್ಲ.

ಹಣದ ಮಾತು. ಹಿಂದೆ ಕಲಾವಿದರಿಗೆ ಶಾಲು ಮತ್ತು ಸ್ಮರಣಿಕೆ ಕೊಟ್ಟು ಕೈಮುಗಿಯುತ್ತಿದ್ದೆವು, ಬಸ್ ಚಾರ್ಜನ್ನು ಅವರೇ ಭರಿಸುತ್ತಿದ್ದರು. ಹಾಡುವ ಒಬ್ಬ ಹಿರಿಯರ ಮನೆಯಲ್ಲಿ ನಮ್ಮಂಥವರು ಕೊಟ್ಟ ಸ್ಮರಣಿಕೆಗಳು ಕಪಾಟಿನ ಮೇಲೆ ಧೂಳು ಹಿಡಿದು ಸಾಲಾಗಿ ನಿಂತಿದ್ದುದನ್ನು ಕಂಡ ಮೇಲೆ ಸ್ಮರಣಿಕೆಯ ಪದ್ಧತಿಯನ್ನು ಕೈಬಿಟ್ಟೆವು. ಉಳಿದ ಹಣವನ್ನು ಲಕೋಟೆಯಲ್ಲಿಟ್ಟು, ಹಾಡು ಆರಂಭವಾಗುವ ಮೊದಲೇ ಒಳಕೋಣೆಯಲ್ಲಿ ಕೊಡುತ್ತೇವೆ, ವೇದಿಕೆಯ ಮೇಲೆ ಅಲ್ಲ. ಒಂದು ವರ್ಷ ಪ್ರಾಯೋಜಕರೊಬ್ಬರು ಸಿಕ್ಕಿದ್ದರು. ಬ್ಯಾನರ್‌ನ ಜೊತೆಗೆ ಪ್ರತಿ ತಿಂಗಳೂ ಹತ್ತು ನಿಮಿಷದ ಭಾಷಣವನ್ನೂ ಕೇಳಿದರು. ಮೂರು ತಿಂಗಳು ಸಹಿಸಿ, ನಾಲ್ಕನೆಯ ತಿಂಗಳು ಅವರನ್ನು ಬಿಟ್ಟು ಚಂದಾ ಎತ್ತಿ ಗೆಳೆಯರಿಂದಲೇ ಹಣ ಕೂಡಿಸಿಕೊಂಡೆವು.

ನಮ್ಮ ಹೊಸ ವಿಶ್ವವಿದ್ಯಾಲಯವೂ ಸೇರಿದಂತೆ ಕೆಲವನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಕೇಳಿಬಂದಾಗ ವಿದ್ಯಾರ್ಥಿಗಳ ಮುಖ ಬಾಡಿತ್ತು, ಆ ತಿಂಗಳು ಬಂದವರೂ ಕಡಿಮೆ. ಅಂದು ಮಾತಿನ 15 ನಿಮಿಷವನ್ನು ಅವರಿಗೇ ಬಿಟ್ಟುಕೊಟ್ಟೆವು, ಹಾಡಿನ 25 ನಿಮಿಷವನ್ನು ಮುಟ್ಟಲಿಲ್ಲ.

ಕಳೆದ ಪುತ್ತರಿಗೆ, ಅಂದರೆ ಕೊಡಗಿನ ಸುಗ್ಗಿಹಬ್ಬಕ್ಕೆ, ದುಡಿ ಕಾಯಿಸಿದ ಆ ಅಜ್ಜನನ್ನೇ ಮತ್ತೆ ಕರೆಯಲು ಹೋಗಿದ್ದೆ. ಹಬ್ಬದ ಆ ದಿನಗಳಲ್ಲಿ ದುಡಿ ಹಿಡಿದು ಮನೆ ಮನೆಗೆ ಹೋಗಿ ಹಾಡಬೇಕು, ನಿಮ್ಮ ಸಭೆಗೆ ಹೇಗೆ ಬರಲಿ ಎಂದರು. ದಿನಾಂಕ ಬದಲಿಸುತ್ತೇನೆ ಎಂದೆ. “ದಿನ ಬದಲಿಸುವುದು ಬೇಡ ಮೇಷ್ಟ್ರೇ, ನಿಮ್ಮವರನ್ನೇ ಕರೆದುಕೊಂಡು ಬನ್ನಿ” ಎಂದರು. 14 ವಿದ್ಯಾರ್ಥಿಗಳು ಮತ್ತು ನಾವು ನಾಲ್ವರು ಒಂದು ಬಾಡಿಗೆ ವ್ಯಾನಿನಲ್ಲಿ ಹೋಗಿ, ಬೆಳದಿಂಗಳಲ್ಲಿ ಅವರ ಹಿಂದೆ ಮನೆಯಿಂದ ಮನೆಗೆ ನಡೆದೆವು. ಬಾಣಲೆಯನ್ನೂ ಇದ್ದಿಲನ್ನೂ ವ್ಯಾನಿನಲ್ಲಿಯೇ ಬಿಟ್ಟಿದ್ದೆವು. ಡಿಸೆಂಬರಿನ ಒಣ ಚಳಿಗೆ ದುಡಿ ತಾನಾಗಿಯೇ ‘ಡುಂ’ ಎನ್ನುತ್ತಿತ್ತು.