ಚೊಚ್ಚಲ ಪಂದ್ಯದ ಬೌಲಿಂಗ್ ಸಾಧನೆಯನ್ನು ತೂಗಿ ನೋಡೋದು ಹೇಗೆ?

ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲೇ ಯಾರಾದರೂ ಐದಾರು ವಿಕೆಟ್ ಕಿತ್ತರೆ ಸಾಕು, ಅವತ್ತು ಸಂಜೆಯೊಳಗೆ ಅವರಿಗೆ ಪಟ್ಟ ಕಟ್ಟಿಬಿಡುತ್ತೇವೆ. ಖುಷಿಪಡಲಿ, ಬೇಡ ಅಂದವರು ಯಾರು? ಆದರೆ ಬೇರೆ ಬೇರೆ ಕಾಲದ, ಬೇರೆ ಬೇರೆ ಮೈದಾನದ ಸಾಧನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ನಿಜಕ್ಕೂ ದೊಡ್ಡದು ಅಂತ ಹೇಳಬೇಕಾದರೆ ವಿಕೆಟ್ ಎಣಿಸಿದರೆ ಸಾಲದು. ಪೂರ್ತಿ ಸ್ಕೋರ್‌ಕಾರ್ಡ್ ತೆಗೆದುಕೊಂಡು ಕೂರಬೇಕು.

ಟೆಸ್ಟ್ ಆದರೆ ಮೊದಲು ಇನಿಂಗ್ಸ್ ಲೆಕ್ಕವನ್ನೂ ಪಂದ್ಯದ ಲೆಕ್ಕವನ್ನೂ ಬೇರೆ ಮಾಡಿಕೊಳ್ಳಿ. ಇವೆರಡನ್ನೂ ಕಲಸಿ ವಾದ ಮಾಡುವವರೇ ಜಾಸ್ತಿ. ಇಡೀ ಪಂದ್ಯದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿರುವವರು ನರೇಂದ್ರ ಹಿರ್ವಾನಿ. 1988ರ ಜನವರಿಯಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 136 ರನ್‌ಗೆ 16 ವಿಕೆಟ್. ಅವರ ಬೆನ್ನಿಗೇ ಆಸ್ಟ್ರೇಲಿಯಾದ ಬಾಬ್ ಮಾಸಿ, 1972ರಲ್ಲಿ ಲಾರ್ಡ್ಸ್‌ನಲ್ಲಿ 137ಕ್ಕೆ 16. ಇಬ್ಬರ ನಡುವೆ ಇರುವುದು ಒಂದೇ ಒಂದು ರನ್! ಆದರೆ ಒಂದು ಇನಿಂಗ್ಸ್‌ನ ಲೆಕ್ಕ ಕೇಳಿದರೆ ಉತ್ತರವೇ ಬದಲಾಗುತ್ತದೆ. ಅಲ್ಲಿ ಮೊದಲ ಹೆಸರು ಆಲ್ಬರ್ಟ್ ಟ್ರಾಟ್, 1895ರಲ್ಲಿ ಅಡಿಲೇಡ್‌ನಲ್ಲಿ ಇಂಗ್ಲೆಂಡ್ ವಿರುದ್ಧ 43ಕ್ಕೆ 8.

ಹಾಗೆಯೇ ವಿಕೆಟ್ ಜೊತೆ ಕೊಟ್ಟ ರನ್ನನ್ನೂ ಓದಿ. 2008ರಲ್ಲಿ ನಾಗ್ಪುರದಲ್ಲಿ ಆಸ್ಟ್ರೇಲಿಯಾದ ಸ್ಪಿನ್ನರ್ ಜೇಸನ್ ಕ್ರೇಜಾ ಕೂಡ ಒಂದೇ ಇನಿಂಗ್ಸ್‌ನಲ್ಲಿ ಎಂಟು ವಿಕೆಟ್ ತೆಗೆದರು, ಆದರೆ 215 ರನ್ ಕೊಟ್ಟು. ಪಂದ್ಯದ ಲೆಕ್ಕ 358ಕ್ಕೆ 12. ನೋಡಿದರೆ ನಗು ಬರುತ್ತದೆ, ಅಲ್ವಾ? ನನಗಂತೂ ಈ ಅಂಕಿ ತುಂಬಾ ಇಷ್ಟ. ಎದುರಿಗೆ ಸೆಹ್ವಾಗ್, ದ್ರಾವಿಡ್, ಲಕ್ಷ್ಮಣ್, ಗಂಗೂಲಿ ಇದ್ದರು. ಹಾಗೆ ಹೊಡೆಸಿಕೊಂಡ ಮೇಲೂ ಚೆಂಡನ್ನು ಗಾಳಿಯಲ್ಲಿ ತೇಲಿಬಿಡುತ್ತಲೇ ಇರುವುದಕ್ಕೆ ಧೈರ್ಯ ಬೇಕು. ಪಾಪ, ಅವರಿಗೆ ಸಿಕ್ಕಿದ್ದು ಒಟ್ಟು ಎರಡೇ ಟೆಸ್ಟ್.

ಆಮೇಲೆ ಪಿಚ್. ಟಿವಿಯಲ್ಲಿ ನೋಡಿರದ ಹಳೆಯ ಪಂದ್ಯದ ಪಿಚ್ ಹೇಗಿತ್ತು ಅಂತ ತಿಳಿಯೋದು ಹೇಗೆ? ಸ್ಕೋರ್‌ಕಾರ್ಡೇ ಹೇಳುತ್ತದೆ. ಔಟಾದ ರೀತಿ ನೋಡಿ. ಹಿರ್ವಾನಿ ಪಂದ್ಯದಲ್ಲಿ ಕೀಪರ್ ಕಿರಣ್ ಮೋರೆ ಆರು ಸ್ಟಂಪಿಂಗ್ ಮಾಡಿದ್ದಾರೆ, ಅದರಲ್ಲಿ ಐದು ಎರಡನೇ ಇನಿಂಗ್ಸ್‌ನಲ್ಲಿ. ಚೆಂಡು ಎಷ್ಟು ತಿರುಗುತ್ತಿತ್ತು, ಬ್ಯಾಟ್ಸ್‌ಮನ್‌ಗಳು ತಡೆಯಲಾಗದೆ ಹೇಗೆ ಮುಂದೆ ನುಗ್ಗುತ್ತಿದ್ದರು ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ಪಿಚ್ ಅಳೆಯಲು ಇನ್ನೊಂದು ದಾರಿ, ಅದೇ ಪಂದ್ಯದಲ್ಲಿ ಉಳಿದ ಬೌಲರ್‌ಗಳು ಏನು ಮಾಡಿದರು ಅಂತ ನೋಡುವುದು. 2011ರ ಕೇಪ್‌ಟೌನ್ ಟೆಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ವೆರ್ನಾನ್ ಫಿಲಾಂಡರ್ ತಮ್ಮ ಮೊದಲ ಟೆಸ್ಟ್‌ನಲ್ಲಿ 15 ರನ್‌ಗೆ 5 ವಿಕೆಟ್ ತೆಗೆದರು, ಆಸ್ಟ್ರೇಲಿಯಾ 47ಕ್ಕೆ ಆಲೌಟ್. ಅಷ್ಟನ್ನೇ ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಅದೇ ದಿನ ದಕ್ಷಿಣ ಆಫ್ರಿಕಾ 96ಕ್ಕೆ ಕುಸಿದಿತ್ತು, ಶೇನ್ ವಾಟ್ಸನ್ 17ಕ್ಕೆ 5 ತೆಗೆದಿದ್ದರು. ಆಮೇಲೆ ಅದೇ ಪಿಚ್‌ನಲ್ಲಿ ದಕ್ಷಿಣ ಆಫ್ರಿಕಾ ಬರೀ ಎರಡು ವಿಕೆಟ್ ಕಳೆದುಕೊಂಡು 236 ಹೊಡೆದು ಗೆದ್ದಿತು. ಅಂದರೆ ಅವತ್ತು ಕೆಲವು ಗಂಟೆ ಯಾರೇ ಸರಿಯಾದ ಜಾಗದಲ್ಲಿ ಹಾಕಿದರೂ ವಿಕೆಟ್ ಬೀಳುತ್ತಿತ್ತು. ಫಿಲಾಂಡರ್ ಸುಮ್ನೆ ತೆಗೆದರು ಅಂತ ನಾನು ಹೇಳುತ್ತಿಲ್ಲ, ಸರಿಯಾದ ಜಾಗದಲ್ಲಿ ಹಾಕುತ್ತಲೇ ಇರುವುದೇ ಅವರ ಶಕ್ತಿ. ಆದರೂ ಆ 15ಕ್ಕೆ 5ನ್ನು ವಾಟ್ಸನ್ ಅಂಕಿಯ ಜೊತೆಗಿಟ್ಟು ಓದಬೇಕು.

ಔಟಾದವರ ಹೆಸರು ನೋಡುವುದು ಸುಲಭ, ಆದರೂ ಬಹಳ ಜನ ಇದನ್ನೇ ಮರೆಯುತ್ತಾರೆ. ಏಕದಿನದ ಚೊಚ್ಚಲ ಪಂದ್ಯದಲ್ಲಿ ಹ್ಯಾಟ್ರಿಕ್ ತೆಗೆದ ಮೊದಲಿಗ ಬಾಂಗ್ಲಾದೇಶದ ತೈಜುಲ್ ಇಸ್ಲಾಂ, 2014ರಲ್ಲಿ ಜಿಂಬಾಬ್ವೆ ವಿರುದ್ಧ. ಅಲ್ಲಿ ಬಿದ್ದವರು ಬಾಲಂಗೋಚಿಗಳು. ಮರುವರ್ಷ ಮೀರ್‌ಪುರದಲ್ಲಿ ದಕ್ಷಿಣ ಆಫ್ರಿಕಾದ ಕಗಿಸೊ ರಬಾಡಾ ಬಾಂಗ್ಲಾದೇಶದ ವಿರುದ್ಧ ತಮ್ಮ ಮೊದಲ ಏಕದಿನದಲ್ಲಿ ತೆಗೆದ ಹ್ಯಾಟ್ರಿಕ್‌ನಲ್ಲಿ ಬಿದ್ದವರು ತಮೀಮ್ ಇಕ್ಬಾಲ್, ಲಿಟನ್ ದಾಸ್, ಮಹಮದುಲ್ಲಾ. ಹೊಸ ಚೆಂಡು, ಮೇಲಿನ ಕ್ರಮಾಂಕ. ಎರಡೂ ಹ್ಯಾಟ್ರಿಕ್ಕೇ, ಆದರೆ ತೂಕ ಒಂದೇ ಅಲ್ಲ. ರಬಾಡಾ ಆ ದಿನ ಎಂಟು ಓವರ್‌ಗಳಲ್ಲಿ 16 ರನ್‌ಗೆ 6 ತೆಗೆದರು. ಮಳೆಯಿಂದ ಪಂದ್ಯ 40 ಓವರ್‌ಗೆ ಇಳಿದಿದ್ದರಿಂದ ಅವರಿಗಿದ್ದ ಕೋಟಾವೇ ಅಷ್ಟು.

ನನಗೆ ಎಲ್ಲಕ್ಕಿಂತ ಕುತೂಹಲ, ಮೊದಲ ಏಟು ಬಿದ್ದ ಮೇಲೆ ಬೌಲರ್ ಏನು ಮಾಡಿದ ಅನ್ನೋದು. ಓವರ್ ಪ್ರಕಾರದ ವಿವರ ಸಿಕ್ಕರೆ ಬಿಡಬೇಡಿ. 2021ರಲ್ಲಿ ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಪ್ರಸಿದ್ಧ್ ಕೃಷ್ಣ ತಮ್ಮ ಮೊದಲ ಮೂರು ಓವರ್‌ನಲ್ಲೇ 37 ರನ್ ಕೊಟ್ಟಿದ್ದರು. ಇಂಗ್ಲೆಂಡ್ ವಿಕೆಟ್ ಕಳೆದುಕೊಳ್ಳದೆ 135 ಮುಟ್ಟಿತ್ತು. ಅಂಥ ಹೊತ್ತಲ್ಲಿ ವಾಪಸ್ ಬಂದು ಜೇಸನ್ ರಾಯ್, ಬೆನ್ ಸ್ಟೋಕ್ಸ್ ಇಬ್ಬರನ್ನೂ ಕಳಿಸಿ, 54ಕ್ಕೆ 4ರೊಂದಿಗೆ ಮುಗಿಸಿದರು. ಉಳಿದ ಐದು ಚಿಲ್ಲರೆ ಓವರ್‌ಗಳಲ್ಲಿ ಕೊಟ್ಟಿದ್ದು 17 ರನ್ ಅಷ್ಟೇ. ಬರೀ 54ಕ್ಕೆ 4 ಅಂತ ಬರೆದರೆ ಈ ಕಥೆಯೇ ಕಾಣುವುದಿಲ್ಲ. ಲ್ಯಾನ್ಸ್ ಕ್ಲೂಸ್ನರ್ ಅವರದು ಇನ್ನೂ ಜೋರು. 1996ರ ಕೋಲ್ಕತ್ತಾ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ವಿಕೆಟ್ ಇಲ್ಲದೆ 75 ರನ್, ಅಜರುದ್ದೀನ್ ಕೈಯಲ್ಲಿ ಸತತ ಐದು ಬೌಂಡರಿ. ಎರಡನೇ ಇನಿಂಗ್ಸ್‌ನಲ್ಲಿ 64ಕ್ಕೆ 8.

ಕೊನೆಗೆ ಮುಂದಿನ ಎರಡು ಮೂರು ಪಂದ್ಯ ತೆರೆದು ನೋಡಿ. ಹೊಸಬರಿಗೆ ಒಂದು ಲಾಭ ಇರುತ್ತದೆ, ಅವರ ಕೈ ಯಾರೂ ಓದಿರುವುದಿಲ್ಲ. 2008ರಲ್ಲಿ ಶ್ರೀಲಂಕಾದ ಅಜಂತಾ ಮೆಂಡಿಸ್ ಅವರ ಕೇರಂ ಬಾಲ್ (ಕೇರಂ ಕಾಯಿಯಂತೆ ಬೆರಳಿನಿಂದ ಚಿಮ್ಮಿಸಿ ಹಾಕುವ ಚೆಂಡು) ಮುಂದೆ ಭಾರತದ ಘಟಾನುಘಟಿಗಳು ತಡಕಾಡಿದರು, ಮೂರು ಟೆಸ್ಟ್‌ನ ಸರಣಿಯಲ್ಲಿ 26 ವಿಕೆಟ್ ಹೋಯಿತು. ಆಮೇಲೆ ಎಲ್ಲರೂ ಓದಿಕೊಂಡರು, ಮೆಂಡಿಸ್ ಆಟ 19 ಟೆಸ್ಟ್‌ಗೆ ನಿಂತಿತು. ಬಾಂಗ್ಲಾದೇಶದ ಮುಸ್ತಫಿಜುರ್ ರಹಮಾನ್ 2015ರಲ್ಲಿ ಭಾರತದ ವಿರುದ್ಧ ಮೊದಲ ಏಕದಿನದಲ್ಲಿ 5, ಎರಡನೆಯದರಲ್ಲಿ 6 ತೆಗೆದರು. ಮೊದಲ ಪಂದ್ಯದ ಕಟರ್‌ಗಳನ್ನು (ಪಿಚ್ ಬಿದ್ದ ಮೇಲೆ ದಿಕ್ಕು ಬದಲಿಸುವ ವೇಗಿಗಳ ಚೆಂಡು) ನೋಡಿದವರೇ ಮತ್ತೆ ಔಟಾದರು ಅಂದ ಮೇಲೆ ಅದನ್ನು ಬರೀ ಅದೃಷ್ಟ ಅನ್ನೋಕೆ ಆಗಲ್ಲ. ಶಮಾರ್ ಜೋಸೆಫ್ ಕೂಡ ಹಾಗೆಯೇ. 2024ರಲ್ಲಿ ಅಡಿಲೇಡ್‌ನಲ್ಲಿ ಮೊದಲ ಚೆಂಡಿಗೇ ಸ್ಟೀವ್ ಸ್ಮಿತ್ ವಿಕೆಟ್, 94ಕ್ಕೆ 5. ಮುಂದಿನ ಟೆಸ್ಟ್‌ನಲ್ಲಿ ಗಾಬಾದಲ್ಲಿ 68ಕ್ಕೆ 7, ವೆಸ್ಟ್ ಇಂಡೀಸ್ ಎಂಟು ರನ್‌ನಿಂದ ಗೆದ್ದಿತು.

ಆದರೆ ಇದನ್ನು ತಿರುಗಿಸಿ ಓದಬೇಡಿ. ಮುಂದೆ ಆಡಲಿಲ್ಲ ಅಂತ ಆ ಒಂದು ಪಂದ್ಯದ ಬೆಲೆ ಕಡಿಮೆ ಮಾಡುವುದು ಅನ್ಯಾಯ. ಮೊದಲ ಪಂದ್ಯ ಮಂಕಾಗಿತ್ತು ಅಂತ ಬೌಲರ್‌ನನ್ನು ತಳ್ಳಿಹಾಕುವುದೂ ಅಷ್ಟೇ: ಶೇನ್ ವಾರ್ನ್ 1992ರಲ್ಲಿ ಸಿಡ್ನಿಯಲ್ಲಿ 150 ರನ್ ಕೊಟ್ಟು ಪಡೆದದ್ದು ಒಂದೇ ವಿಕೆಟ್, ಟೆಸ್ಟ್ ಆಟ ಮುಗಿಸಿದ್ದು 708 ವಿಕೆಟ್‌ಗೆ.

ಟಿ20ಯನ್ನು ಈ ಪಟ್ಟಿಗೆ ಸೇರಿಸಲೇಬೇಡಿ, ಬೇರೆ ಹಾಳೆ ಇಡಿ. ನಾಲ್ಕು ಓವರ್‌ನಲ್ಲಿ ಸ್ಪೆಲ್ (ಒಂದೇ ಸಮನೆ ಹಾಕುವ ಓವರ್‌ಗಳ ಸಾಲು) ಅನ್ನೋದೇ ಇಲ್ಲ. 2016ರಲ್ಲಿ ಹರಾರೆಯಲ್ಲಿ ಬರೀಂದರ್ ಸ್ರಾನ್ ತೆಗೆದ 10ಕ್ಕೆ 4 ಚಂದವೇ, ಆದರೆ ಅದನ್ನು ಟೆಸ್ಟ್‌ನ ಐದು ವಿಕೆಟ್ ಪಕ್ಕದಲ್ಲಿಟ್ಟು ಏನು ಹೇಳುವುದು?

ನನ್ನ ಆಯ್ಕೆ ಕೇಳಿದರೆ ಏಕದಿನದಲ್ಲಿ ಕಣ್ಣುಮುಚ್ಚಿ ರಬಾಡಾ. ಟೆಸ್ಟ್‌ನಲ್ಲಿ ಹಿರ್ವಾನಿಗಿಂತ ಒಂದು ಕೂದಲೆಳೆ ಮೇಲೆ ಮಾಸಿಯನ್ನು ಇಡುತ್ತೇನೆ, ಆ ಒಂದು ರನ್ ಜಾಸ್ತಿ ಕೊಟ್ಟಿದ್ದರೂ. ಲಾರ್ಡ್ಸ್‌ನಲ್ಲಿ ಅವತ್ತು ಚೆಂಡು ಸ್ವಿಂಗ್ ಆಗುತ್ತಿತ್ತು, ನಿಜ. ಆದರೆ ಜೊತೆಗೆ ಬೌಲ್ ಮಾಡುತ್ತಿದ್ದವರು ಡೆನಿಸ್ ಲಿಲ್ಲಿ, ಅವರಿಗೆ ಸಿಕ್ಕಿದ್ದು ಉಳಿದ ನಾಲ್ಕು ವಿಕೆಟ್ ಮಾತ್ರ.