ಪೋಂಚ್ಕಿ: ತಪಸ್ಸುಕಾಲಕ್ಕೆ ಮುಂಚಿನ ಗುರುವಾರ ಪೋಲೆಂಡಿನಲ್ಲಿ ಕರಿಯುವ ಸಿಹಿ

ಬೂದಿ ಬುಧವಾರಕ್ಕೆ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ಕ್ರೈಸ್ತರ ಉಪವಾಸದ ಕಾಲ, ಶುರು. ಅದರ ಹಿಂದಿನ ಗುರುವಾರ ಪೋಲೆಂಡಿನಲ್ಲಿ ಹೊಟ್ಟೆ ತುಂಬ ಪೋಂಚ್ಕಿ, ಅಂದರೆ ಜಾಮ್ ತುಂಬಿ ಕರಿದ ಉಂಡೆ, ತಿನ್ನುವ ದಿನ. ಈಸ್ಟರಿಗೆ 52 ದಿನ ಮುಂಚೆ ಬರುತ್ತದೆ; 2027ರಲ್ಲಿ ಫೆಬ್ರವರಿ 4. ಅಂದು ಒಂದಾದರೂ ತಿನ್ನದವರಿಗೆ ವರ್ಷವಿಡೀ ಅದೃಷ್ಟ ಕೈಕೊಡುತ್ತದೆ ಎಂಬ ನಂಬಿಕೆಯಿದೆ. ವಾರ್ಸಾದಲ್ಲಿ 1869ರಲ್ಲಿ ಶುರುವಾದ ಬ್ಲಿಕ್ಲೆ ಅಂಗಡಿಯ ಮುಂದೆ ಜನ ಸಾಲುಗಟ್ಟುತ್ತಾರೆ.

ಒಳ್ಳೆಯ ಪೋಂಚ್ಕಿಗೆ ನಡುವಿನ ಬಿಳಿ ಪಟ್ಟಿಯೇ ಗುರುತು. ಹಗುರವಾಗಿ ಉಬ್ಬಿದ ಹಿಟ್ಟು ಅರ್ಧ ಮಾತ್ರ ಮುಳುಗುತ್ತದೆ. ಮಗುಚಿದರೂ ನಡುಭಾಗ ಎಣ್ಣೆಗೆ ತಾಗುವುದಿಲ್ಲ.

ಹದಿನಾರಕ್ಕೆ ಬೇಕಾದದ್ದು: ಮೈದಾ 500 ಗ್ರಾಂ, ಒಣ ಯೀಸ್ಟ್ 7 ಗ್ರಾಂ, ಹಾಲು 200 ಮಿಲಿ, ಆರು ಮೊಟ್ಟೆಯ ಹಳದಿ, ಸಕ್ಕರೆ 80 ಗ್ರಾಂ, ಕರಗಿಸಿ ಆರಿಸಿದ ಬೆಣ್ಣೆ 80 ಗ್ರಾಂ, ಅರ್ಧ ಚಮಚ ಉಪ್ಪು, ಒಂದು ದೊಡ್ಡ ಚಮಚ ವೋಡ್ಕಾ. ವೋಡ್ಕಾ ರುಚಿಗಲ್ಲ, ಹಿಟ್ಟು ಎಣ್ಣೆ ಕುಡಿಯದಿರಲಿ ಎಂದು. ಇಲ್ಲದಿದ್ದರೆ ಅಷ್ಟೇ ವಿನೆಗರ್.

ಉಗುರುಬೆಚ್ಚಗಿನ ಹಾಲಿಗೆ ಯೀಸ್ಟ್, ಒಂದು ಚಮಚ ಸಕ್ಕರೆ, ಮೂರು ಚಮಚ ಮೈದಾ ಕಲಸಿ 15 ನಿಮಿಷ ಬಿಡಿ. ನೊರೆ ಬರದಿದ್ದರೆ ಯೀಸ್ಟ್ ಸತ್ತಿದೆ, ಮುಂದುವರಿಸಬೇಡಿ. ಹಳದಿ ಮತ್ತು ಉಳಿದ ಸಕ್ಕರೆಯನ್ನು ಬಣ್ಣ ತಿಳಿಯಾಗುವಷ್ಟು ಕಡೆದು, ಮೈದಾ, ಉಪ್ಪು, ನೊರೆಹಾಲಿನ ಜೊತೆ ಹತ್ತು ನಿಮಿಷ ನಾದಿ. ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಕೊನೆಗೆ ವೋಡ್ಕಾ. ಹಿಟ್ಟು ಕೈಗೆ ಅಂಟುತ್ತದೆ. ಅದಕ್ಕೆಂದು ಮೈದಾ ಸುರಿದರೆ ಪೋಂಚ್ಕಿ ಗಟ್ಟಿಯಾಗುವುದು ಖಂಡಿತ. ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ, ಸುಮಾರು ಒಂದೂವರೆ ಗಂಟೆ.

60 ಗ್ರಾಮಿನ ಉಂಡೆಗಳನ್ನು ತಟ್ಟಿ, ನಡುವೆ ಒಂದು ಚಮಚ ಗಟ್ಟಿ ಜಾಮ್ ಇಟ್ಟು ಅಂಚು ಬಿಗಿಯಾಗಿ ಹಿಸುಕಿ. ಸಂಪ್ರದಾಯದ ಹೂರಣ ಗುಲಾಬಿ ಜಾಮ್. ನಮ್ಮ ಗುಲ್ಕಂದ್ ಅದಕ್ಕೆ ಬಹಳ ಹತ್ತಿರ, ಆದರೆ ಪಾಕ ಬಸಿದು ಬಳಸಿ. ಅಂಚಿಗೆ ಜಾಮ್ ಸೋಕಿದರೆ ಅಲ್ಲೇ ಬಿರಿಯುತ್ತದೆ. ಬೆಸುಗೆ ಕೆಳಗಿರುವಂತೆ ಇಟ್ಟು ಇನ್ನೊಂದು 30ರಿಂದ 40 ನಿಮಿಷ ಕಾಯಿರಿ. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಮೇಲೆದ್ದರೆ ಹದ ಸರಿ. ಥಟ್ಟನೆ ಎದ್ದರೆ ಇನ್ನೂ ಕಾಯಬೇಕು, ಇಲ್ಲವಾದರೆ ಭಾರಕ್ಕೆ ಮುಳುಗಿ ಬಿಳಿ ಪಟ್ಟಿ ಮೂಡುವುದಿಲ್ಲ.

ಪೋಲೆಂಡಿನ ಸಂಪ್ರದಾಯದಂತೆ ಕರಿಯುವುದು ಹಂದಿಕೊಬ್ಬಿನಲ್ಲಿ. ವಾಸನೆಯಿಲ್ಲದ ಎಣ್ಣೆಯೂ ಆದೀತು. ಆಳದ ಪಾತ್ರೆ, 175 ಡಿಗ್ರಿ ಸೆಲ್ಸಿಯಸ್, ಒಮ್ಮೆಗೆ ಮೂರು ನಾಲ್ಕು ಸಾಕು. ಮೇಲ್ಭಾಗವನ್ನು ಕೆಳಮುಖ ಮಾಡಿ ಬಿಟ್ಟು, ಮುಚ್ಚಳ ಹಾಕಿ ಎರಡು ನಿಮಿಷ. ಮಗುಚಿ, ಮುಚ್ಚದೆ ಇನ್ನೆರಡು ನಿಮಿಷ. ಕಾವು 190 ದಾಟಿದರೆ ಹೊರಗೆ ಕಪ್ಪು, ಒಳಗೆ ಹಸಿ. 160ಕ್ಕಿಂತ ಇಳಿದರೆ ಎಣ್ಣೆ ಜಿನುಗುತ್ತದೆ. ಹಾಗಾಗಿ ಪ್ರತಿ ಸರದಿಗೂ ಮುಂಚೆ ಕಾವು ನೋಡಲೇಬೇಕು.

ಬಿಸಿಯಾರುವ ಮುನ್ನವೇ 150 ಗ್ರಾಂ ಪುಡಿ ಸಕ್ಕರೆಗೆ ಎರಡು ಚಮಚ ನಿಂಬೆರಸ ಕಲಸಿ ಸವರಿ, ಸಕ್ಕರೆಪಾಕದ ಕಿತ್ತಳೆಸಿಪ್ಪೆ ಉದುರಿಸಿ. ಮಾರನೆಯ ದಿನಕ್ಕೆ ಒಣಗುತ್ತದೆ, ಅಂದೇ ಹಂಚಿ ಮುಗಿಸಿ.